ಐದನೆಯ ಮಾತು

ಒಣಗಿದ ತೆಂಗಿನ ಗರಿ ಸುಡುವ ವಾಸನೆಯಲ್ಲಿ ವಿಶೇಷವೇನೂ ಇಲ್ಲ. ನಮ್ಮ ಬೀದಿಯಲ್ಲಿ ನೀರು ಕಾಯಿಸುವ ಒಲೆಗಳಿಗೆ ದಿನವೂ ಅದೇ ಉರಿ. ಆದರೆ ವರ್ಷಕ್ಕೊಂದು ಸಲ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಹಿಂದಿನ ಸಂಜೆ, ಚರ್ಚಿನ ಹಿತ್ತಲಲ್ಲಿ ಹಳೆಯ ಬಾಂಡಲಿಯೊಂದರಲ್ಲಿ ಅದನ್ನು ಸುಡುವಾಗ ನಾನು ದೂರ ನಿಲ್ಲುತ್ತೇನೆ. ಹಿಂದಿನ ವರ್ಷ ಈಸ್ಟರ್‌ಗೆ ವಾರ ಮುಂಚೆ, ಗರಿಗಳ ಭಾನುವಾರ, ಗರಿಯಲ್ಲೇ ಮಡಿಸಿ ಹಂಚಿದ ಪುಟ್ಟ ಶಿಲುಬೆಗಳು ಮನೆಗಳ ಗೋಡೆಯ ಮೇಲೆ ವರ್ಷವಿಡೀ ಒಣಗಿ, ವಾಪಸು ಬಂದು, ಬೂದಿಯಾಗಿ ನಮ್ಮ ಹಣೆಗೆ ಏರುತ್ತವೆ. ಈ ಸಲ ಹೊಸದಾಗಿ ಬಂದ ಎಳೆಯ ವಯಸ್ಸಿನ ಪಾದ್ರಿ ಬಾಂಡಲಿ ಕೆದಕುತ್ತಾ ನನ್ನನ್ನು ಕೇಳಿದರು: "ಅಕ್ಕಾ, ಮುಂಚೆ ನೀವು ಪ್ರಸಂಗವನ್ನು ಕನ್ನಡಕ್ಕೆ ಹೇಳುತ್ತಿದ್ದಿರಂತೆ. ಈ ಶುಭ ಶುಕ್ರವಾರ ಮತ್ತೆ ಹೇಳುತ್ತೀರಾ?"

ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೆಂದರೆ ಆ ಒಂದು ವರ್ಷಕ್ಕೆ ಹಿಂತಿರುಗುವುದು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬರ ನೆನಪನ್ನು ಮಾತ್ರ ನಂಬಿ ಏನನ್ನೂ ಬರೆಯಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ನನ್ನ ಬಳಿ ಇರುವುದು ಅಷ್ಟೇ, ಒಬ್ಬರ ನೆನಪು.

ನಮ್ಮೂರು ತಮಿಳು ಸೀಮೆಯಲ್ಲಿ, ಸೇಲಂ ಕಡೆ, ಕಡಯಂಪಟ್ಟಿಗೂ ತೊಪ್ಪೂರು ಘಾಟಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಚರ್ಚಿನ ವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಹುಟ್ಟುತ್ತದೆ. ಜ್ಞಾನಮುತ್ತು ಅಯ್ಯ ನಮ್ಮ ಪಾದ್ರಿಯಾಗಿ ಬಂದದ್ದು ಅಂಥ ಒಂದು ಆಗಮನ ಕಾಲದ ಮೊದಲ ಭಾನುವಾರ. ಅಪ್ಪ ತೀರಿಕೊಂಡು ಆಗಿನ್ನೂ ತಿಂಗಳು ಕಳೆದಿತ್ತೋ ಇಲ್ಲವೋ. ಬೆಳಗ್ಗೆ ಶೇರ್ವರಾಯನ್ ಬೆಟ್ಟದ ಕಡೆಯಿಂದ ಮಂಜು ಇಳಿದು ಚರ್ಚಿನ ಗಂಟೆಯ ಹಗ್ಗ ಒದ್ದೆಯಾಗಿತ್ತು ಎಂದು ನನಗೆ ನೆನಪು. ಮಂಜಿರಲಿಲ್ಲ, ತುಂತುರು ಮಳೆಯಿತ್ತು ಎಂದು ಅಮ್ಮ ಹೇಳುತ್ತಾಳೆ.

ನಮ್ಮ ಚರ್ಚಿನಲ್ಲಿ ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ತಮಿಳಿನಲ್ಲಿ; ನಮ್ಮಂಥ ಕನ್ನಡದ ಮನೆಯವರಿಗಾಗಿ ವಾಕ್ಯವಾಕ್ಯಕ್ಕೂ ಕನ್ನಡದಲ್ಲಿ. ಪಾದ್ರಿಯ ಎಡಗಡೆ ಇನ್ನೊಂದು ಮೈಕು. ಅವರು ಒಂದು ವಾಕ್ಯ ಹೇಳಿ ನಿಲ್ಲಬೇಕು, ನಾನು ಅದನ್ನು ಕನ್ನಡದಲ್ಲಿ ಹೇಳಿ ನಿಲ್ಲಬೇಕು, ಅವರು ಮುಂದಕ್ಕೆ ಹೋಗಬೇಕು. ಅವರು ಕೈ ಎತ್ತಿದರೆ ನಾನೂ ಎತ್ತಬೇಕು. ಅವರು 'ನಾನು ಪಾಪಿ' ಅಂದರೆ ನಾನೂ 'ನಾನು ಪಾಪಿ' ಅನ್ನಬೇಕು. 'ಅವರು ಪಾಪಿಯಂತೆ' ಅನ್ನುವ ಹಾಗಿಲ್ಲ.

ನಿಜ ಹೇಳಬೇಕೆಂದರೆ ಎಲ್ಲರಿಗೂ ತಮಿಳು ಬರುತ್ತಿತ್ತು. ನಲ್ಲಂಪಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಾರಜ್ಜಿ, ಕುರಿ ಸಾಕುವವಳು, ಸಂತೆಯಲ್ಲಿ ಆಡುತ್ತಿದ್ದ ತಮಿಳಿಗೆ ವ್ಯಾಪಾರಿಗಳೇ ಕೈ ಮುಗಿಯುತ್ತಿದ್ದರು. ಆದರೂ ಆಮೆನ್ ಅನ್ನಲು ಆಕೆ ಕನ್ನಡ ಬರುವವರೆಗೆ ಕಾಯುತ್ತಿದ್ದಳು. "ತಮಿಳಾಗೆ ಕೇಳಿದ್ರೆ ಯಾಪಾರದಂಗೆ ಇರ್ತೈತೆ ಕಣವ್ವ," ಅನ್ನುತ್ತಿದ್ದಳು, "ದ್ಯಾವ್ರತ್ರ ಚೌಕಾಸಿ ಮಾಡ್ದಂಗೆ." ಹಾಡುವ ಗುಂಪಿನ ಹುಡುಗಿಯರಿಗೆ ಮಾತ್ರ ಒಂದನ್ನೇ ಎರಡು ಸಲ ಕೇಳುವುದು ಬೇಸರ. "ಒಂದೇ ಸರ್ಮನ್ ರೆಂಡು ತಡವೆ ಕೇಳೋದು ಪನಿಶ್ಮೆಂಟ್ ಅಕ್ಕಾ," ಎಂದು ನನ್ನೆದುರಿಗೇ ನಗುತ್ತಿದ್ದರು.

ಜ್ಞಾನಮುತ್ತು ಅಯ್ಯ ತಿರುನೆಲ್ವೇಲಿ ಕಡೆಯವರು, ಕನ್ನಡ ಒಂದಕ್ಷರ ಬಾರದು. ಆದರೆ ಅವರಂಥ ಪಾದ್ರಿ ನಮಗೆ ಮುಂಚೆ ಸಿಕ್ಕಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ಮೊಪೆಡ್ ಏರಿ ಮನೆಮನೆಗೆ ಹೋಗುತ್ತಿದ್ದರು. ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡುವುದನ್ನು ನೋಡುತ್ತಿದ್ದರು. ಕಾಯಿಲೆಯವರ ಕಾಲು ಒತ್ತುತ್ತಿದ್ದರು. ಕೇಳುತ್ತಿದ್ದರು, ಬಹಳ ಕೇಳುತ್ತಿದ್ದರು. ಆ ಕೇಳಿದ್ದೆಲ್ಲ ಭಾನುವಾರ ಪ್ರಸಂಗಪೀಠಕ್ಕೆ ಬರುತ್ತಿತ್ತು. ಕ್ರಿಸ್ಮಸ್ ದಿನ ಸಾರಜ್ಜಿಯ ಕಳೆದುಹೋದ ಕುರಿಮರಿ ಬಂತು: ಆಕೆ ಅದನ್ನು ಹುಡುಕುತ್ತಾ ಹೋಗಿ ಯಾರದೋ ಮಾವಿನ ತೋಪಿನ ಕಾವಲುಗಾರನ ಕಂಬಳಿಯೊಳಗೆ ಅದು ಬೆಚ್ಚಗೆ ಮಲಗಿದ್ದದ್ದನ್ನು ಕಂಡದ್ದು. ಹೆಸರು ಹೇಳಲಿಲ್ಲ, ಆದರೆ ಇಡೀ ಚರ್ಚು ಸಾರಜ್ಜಿಯ ಕಡೆ ತಿರುಗಿತು. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆ ಕಥೆಯನ್ನು ಕನ್ನಡಕ್ಕೆ ಹೇಳುವಾಗ ನಾನೇ ಕಂಬಳಿಗೆ ಎರಡು ತೂತು ಹೆಚ್ಚಿಗೆ ಸೇರಿಸಿದೆ. ಬೇರೆಯವರ ಬದುಕು ನನ್ನ ಬಾಯಲ್ಲಿ ರುಚಿಯಾಗಿತ್ತು.

ನಾನು ಅವರಿಗೆ ಅಪ್ಪನ ವಿಷಯ ಹೇಳಿದ್ದು ಅದಕ್ಕೂ ಮುಂಚೆ, ಆಗಮನ ಕಾಲದಲ್ಲೇ. ಹೇಳಲೇಬೇಕಾದ ಒಂದು ಕಾರಣವಿತ್ತು.

ಅಪ್ಪ ತಾರಮಂಗಲದ ನೇಕಾರರ ಮನೆಯವರು. ಕ್ರೈಸ್ತರ ಮನೆಯ ಅಮ್ಮನನ್ನು ಮದುವೆಯಾಗಲು ದೀಕ್ಷಾಸ್ನಾನ ಪಡೆದು ಯೋಹಾನರಾದರು. ಅವರ ಮನೆಯವರಲ್ಲಿ ಚಿಕ್ಕಪ್ಪ ಒಬ್ಬರೇ ಹೋಗಿ ಬಂದು ಮಾಡುತ್ತಿದ್ದವರು. ಅಪ್ಪ ಪ್ರತಿ ಭಾನುವಾರ ಚರ್ಚಿಗೆ ಬಂದರು, ಕರ್ತನಾದ ಯೇಸುವಿನ ಮೈ, ರಕ್ತವೆಂದು ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭುಭೋಜನ ತೆಗೆದುಕೊಂಡರು, ಆದರೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿದ್ದನ್ನು ಯಾರೂ ಕೇಳಲಿಲ್ಲ. ಅಮ್ಮನಿಗೆ ಜೀವಮಾನವಿಡೀ ಇದ್ದ ಅಂಜಿಕೆ ಇದೊಂದೇ: ಈ ಮನುಷ್ಯ ನನಗಾಗಿ ಬಂದನೋ, ಯೇಸುವಿಗಾಗಿ ಬಂದನೋ.

ಸೇಲಂ ಆಸ್ಪತ್ರೆಯಲ್ಲಿ ಅವರ ಕೊನೆಯ ಮಧ್ಯಾಹ್ನ ಅಮ್ಮ ಹೊರಗೆ ಮೊಗಸಾಲೆಯಲ್ಲಿ ಚರ್ಚಿನ ಹೆಂಗಸರ ಜೊತೆ ಮೊಣಕಾಲೂರಿ ಕೂತಿದ್ದಳು. ಒಳಗೆ ನಾನು. ನೀರು ಕುಡಿಸಬೇಡಿ, ತುಟಿ ಒದ್ದೆ ಮಾಡಿ ಸಾಕು ಎಂದು ನರ್ಸ್ ಹೇಳಿದ್ದರು. ಅಷ್ಟರಲ್ಲಿ ತಾರಮಂಗಲದ ಬಸ್ಸಿಳಿದು ಚಿಕ್ಕಪ್ಪ ಬಂದರು. ಅಪ್ಪ ಕಣ್ಣು ತೆರೆದು ಕೇಳಿದರು, ನನ್ನನ್ನಲ್ಲ, ತಮ್ಮನನ್ನು: "ಚೌಡವ್ವನ ನೀರು ತಂದೀಯೇನ್ಲಾ?"

ಚಿಕ್ಕಪ್ಪ ತಂದಿದ್ದರು. ಮನೆದೇವರ ತೀರ್ಥ, ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ. ನಾನು ಅಪ್ಪನ ತಲೆ ಎತ್ತಿ ಹಿಡಿದೆ, ಅವರು ಕುಡಿಸಿದರು. ಅಪ್ಪ ನುಂಗಿದರು. ಅಮ್ಮ ಒಳಗೆ ಬರುವಷ್ಟರಲ್ಲಿ ಬಾಟಲಿ ಚಿಕ್ಕಪ್ಪನ ಪಂಚೆಯ ಮಡಿಕೆ ಸೇರಿತ್ತು. "ಏನಾದ್ರೂ ಅಂದ್ರಾ?" ಎಂದು ಅಮ್ಮ ಕೇಳಿದಳು. "ನೀರು ಕೇಳಿದ್ರು," ಅಂದೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಅಮ್ಮ ಗೋರಿಗೆ ಕಲ್ಲು ಹಾಕಿಸಬೇಕೆಂದಳು. ಈಸ್ಟರ್ ಬೆಳಗ್ಗೆ ಎಲ್ಲರೂ ಸಮಾಧಿಗಳಿಗೆ ದೀಪ ಹಚ್ಚಲು ಬರುವ ಹೊತ್ತಿಗೆ ಅದು ಇರಬೇಕು. ಹೆಸರಿನ ಕೆಳಗೆ 'ಕರ್ತನಲ್ಲಿ ನಿದ್ರಿಸಿದರು' ಎಂದು ಕೆತ್ತಿಸಬೇಕು, ಯೇಸುವನ್ನು ನಂಬಿಯೇ ಕಣ್ಣು ಮುಚ್ಚಿದವರಿಗೆ ಬರೆಸುವ ಸಾಲು. ಆ ಸಾಲನ್ನು ಕಾಗದದ ಮೇಲೆ ಬರೆದುಕೊಡು ಎಂದು ನನಗೆ ಹೇಳಿದಳು. ನನ್ನ ಕೈ ಏಳಲಿಲ್ಲ. ಚರ್ಚಿನ ಪಕ್ಕದ ಕೋಣೆಯಲ್ಲಿ, ಅಯ್ಯ ನಿಲುವಂಗಿ ಮಡಿಸಿಡುತ್ತಿದ್ದಾಗ, ಎಲ್ಲವನ್ನೂ ಹೇಳಿ ಕೇಳಿದೆ: ಆ ಸಾಲು ಬರೆಯಬಹುದೇ?

ಅವರು ನಿಲುವಂಗಿ ಕೆಳಗಿಟ್ಟರು. ಅವರು ಅಂದದ್ದು ತಮಿಳಿನಲ್ಲಿ. ಇಲ್ಲಿ ನಾನು ಬರೆಯುವುದು ಕನ್ನಡದಲ್ಲಿ. ಅಂದರೆ ಇವತ್ತಿಗೂ ನಾನು ಅವರ ಎಡಗಡೆಯೇ ನಿಂತಿದ್ದೇನೆ, ನನ್ನ ಕನ್ನಡವನ್ನು ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ. "ಬರೆಯಮ್ಮಾ, ಧಾರಾಳವಾಗಿ ಬರೆ. ದೇವರು ಬಾಯಾರಿಕೆಯನ್ನು ನೋಡುತ್ತಾನೆ, ಯಾವ ಬಾವಿ ಎಂದು ಕೇಳುವುದಿಲ್ಲ." ಆಮೇಲೆ ತಮ್ಮ ಎದೆಯ ಮೇಲೆ ಕೈಯಿಟ್ಟು, "ಇದು ಇಲ್ಲೇ ಇರುತ್ತದೆ," ಅಂದರು. ಆ ದಿನ ಮನೆಗೆ ಬಂದು ಆ ಸಾಲನ್ನು ದುಂಡು ಅಕ್ಷರದಲ್ಲಿ ಬರೆದುಕೊಟ್ಟೆ. ಅಮ್ಮ ಅದನ್ನು ಓದಿ, ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡಳು.

ಚಳಿಗಾಲ ಹಾಗೇ ಕಳೆಯಿತು. ಬೂದಿ ಬುಧವಾರ ಅಯ್ಯ ನನ್ನ ಹಣೆಗೆ ಬೂದಿ ಇಟ್ಟರು. ಉಪವಾಸದ ನಲವತ್ತು ದಿನಗಳಲ್ಲಿ ಶುಕ್ರವಾರ ಶುಕ್ರವಾರ ಮನೆಗಳಲ್ಲಿ ಕೂಟ ನಡೆಯಿತು. ಬಿಸಿಲು ಏರುತ್ತಾ ಹೋಯಿತು. ಅವರ ಪ್ರಸಂಗವೂ ಏರುತ್ತಾ ಹೋಯಿತು. ಸೇಲಂನಿಂದಲೂ ಜನ ಅವರನ್ನು ಕೇಳಲು ಬರತೊಡಗಿದರು. ಗರಿಗಳ ಭಾನುವಾರ ಎಳೆಯ ಗರಿ ಹಿಡಿದು ಬಸ್‌ಸ್ಟ್ಯಾಂಡ್ ಸುತ್ತಿ ಬಂದೆವು. ಅಮ್ಮ ತನ್ನ ಶಿಲುಬೆಯನ್ನು ಅಪ್ಪನ ಫೋಟೋ ಹಿಂದೆ ಸಿಕ್ಕಿಸಿದಳು.

ಶುಭ ಶುಕ್ರವಾರದ ಆರಾಧನೆ ಹನ್ನೆರಡರಿಂದ ಮೂರರವರೆಗೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳಿಗೆ ಏಳು ಪ್ರಸಂಗ. ಎಲ್ಲರೂ ಬಿಳಿ ಬಟ್ಟೆ, ಎಲ್ಲರೂ ಉಪವಾಸ. ಫ್ಯಾನುಗಳು ಬಿಸಿ ಗಾಳಿಯನ್ನು ತಿರುವಿ ಹಾಕುತ್ತಿದ್ದವು. ನಾಲ್ಕು ಮಾತು ಮುಗಿಯುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಐದನೆಯದು ದಾಹದ ಮಾತು, 'ನನಗೆ ದಾಹವಾಗಿದೆ'.

"ಒಂದು ಊರಿನಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದಾನೆ," ಎಂದರು ಅಯ್ಯ. ನಾನು ಹೇಳಿದೆ.

"ನಾಲಿಗೆ ಒಣಗಿದೆ. ನೀರು ಕೊಡಬಾರದೆಂದು ಡಾಕ್ಟರ ಆಜ್ಞೆ." ನಾನು ಹೇಳಿದೆ.

"ಅವನ ಕೈಗಳು ಬದುಕೆಲ್ಲ ನೂಲು ಮುಟ್ಟಿದ ಕೈಗಳು." ನೂಲು ಅಂದಾಗ ನಾನು ಅವರ ಕಡೆ ತಿರುಗಿ ನೋಡಿದೆ. ಆದರೂ ಹೇಳಿದೆ. ನೇಕಾರರೇನು ಕಡಿಮೆಯೇ ನಮ್ಮ ಕಡೆ?

"ಬಾಗಿಲಾಚೆ ಅವನ ಹೆಂಡತಿ ಮೊಣಕಾಲೂರಿ ಅವನ ಆತ್ಮಕ್ಕಾಗಿ ಅಳುತ್ತಿದ್ದಾಳೆ. ಒಳಗೆ ಅವನು ತಮ್ಮನನ್ನು ಕೇಳುತ್ತಾನೆ: ನಮ್ಮ ಹಳೆಯ ದೇವರ ನೀರು ತಂದಿದ್ದೀಯಾ?"

ನಿಂತರು. ನನ್ನ ಸರದಿ. ಅಮ್ಮ ಮುಂದಿನಿಂದ ಎರಡನೆಯ ಸಾಲಿನಲ್ಲಿದ್ದಳು. ನಾನು ಅಂದೆ: "ಅವರು ನೀರು ಕೇಳಿದರು."

"ಇಷ್ಟು ವರ್ಷ ಕರ್ತನ ರಕ್ತವನ್ನು ಮುಟ್ಟಿದ ಅದೇ ನಾಲಿಗೆಯಿಂದ, ಪ್ರಿಯರೇ, ಅದೇ ನಾಲಿಗೆಯಿಂದ ಕೇಳಿದ!"

"ಅವರಿಗೆ ತುಂಬ ದಾಹವಾಗಿತ್ತು," ಅಂದೆ.

ಅಯ್ಯ ಒಮ್ಮೆ ನನ್ನ ಕಡೆ ನೋಡಿದರು. ಕನ್ನಡ ಬಾರದಿದ್ದರೂ ಮಾತಿನ ಅಳತೆ ಗೊತ್ತಾಗುತ್ತದೆ. ಹಾಡುವ ಗುಂಪಿನ ಹುಡುಗಿಯರು, ಯಾವತ್ತೂ ಕನ್ನಡ ಕೇಳಿಸಿಕೊಳ್ಳದವರು, ತಲೆ ಎತ್ತಿದರು.

"ಕುಡಿದ. ಆದರೆ ಅವನ ದಾಹ ತೀರಿತೇ? ಹೇಳಿ, ತಪ್ಪು ಬಾವಿಯ ನೀರಿನಿಂದ ದಾಹ ತೀರಿತೇ?"

"ಕುಡಿದರು," ಅಂದೆ. ಅಷ್ಟೇ. ಅದರ ಮುಂದಕ್ಕೆ ನನ್ನ ಬಾಯಿ ತೆರೆಯಲಿಲ್ಲ. ಅಯ್ಯ ಕಾದರು. ಸಾರಜ್ಜಿಯ ಆಮೆನ್ ಬರಲಿಲ್ಲ. ಅಮ್ಮ ಪಾದ್ರಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಆರನೆಯ, ಏಳನೆಯ ಮಾತುಗಳನ್ನು ಅಯ್ಯ ತಮಿಳಿನಲ್ಲೇ ಮುಗಿಸಿದರು. ನಾನು ಮೈಕಿನ ಮುಂದೆ ಸುಮ್ಮನೆ ನಿಂತಿದ್ದೆ, ಇಳಿದು ಹೋಗಬಹುದಿತ್ತು ಎಂದು ಹೊಳೆಯಲೂ ಇಲ್ಲ.

ಉಪವಾಸ ಬಿಡಲು ಹೊರಗೆ ಬೇವಿನ ಮರದ ಕೆಳಗೆ ಗಂಜಿ. ಪ್ರತಿ ವರ್ಷ ಬಡಿಸುವವಳು ಅಮ್ಮ. ಅವತ್ತೂ ಸೌಟು ಹಿಡಿದು ನಿಂತಳು. ಸಾರಜ್ಜಿ ತಟ್ಟೆ ಚಾಚುತ್ತಾ ಎಲ್ಲರಿಗೂ ಕೇಳುವ ಹಾಗೆ ನನಗೆ ಅಂದಳು: "ಏನವ್ವ ರೂತು, ಅಯ್ಯನೋರು ಮೊಳ ನೇಯ್ದ್ರೆ ನೀನು ಗೇಣು ಕತ್ತರಿಸಿ ಕೊಡ್ತಿದ್ದೆ? ಉಳಿದದ್ದು ಎಲ್ಲಿ ಮಡಗ್ದೆ?"

"ಬಿಸಿಲಿಗೆ ತಲೆ ಸುತ್ತುತು ಅಜ್ಜಿ."

"ತಲೆ ಸುತ್ತಿದ್ರೆ ಬೀಳ್ತಿದ್ದೆ. ನೀನು ನೆಟ್ಟಗೆ ನಿಂತಿದ್ದೆ ಬಿಡು."

"ಗಂಜಿ ಆರೋಗ್ತೈತೆ, ಕುಡೀರಿ," ಎಂದಳು ಅಮ್ಮ. ನನ್ನ ತಟ್ಟೆಗೂ ಎಲ್ಲರಿಗೆ ಹಾಕಿದಷ್ಟೇ ಹಾಕಿದಳು.

ಮರುದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಮನೆಯಲ್ಲಿರಲಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಕಲ್ಲುಕುಟಿಗನ ಅಂಗಡಿಗೆ ಹೋಗಿದ್ದಳು. ಹೆಸರು ಕೆತ್ತಿ ಮುಗಿದಿತ್ತು, ಕೆಳಗಿನ ಸಾಲಿಗೆ ಅವನು ಬಳಪದಲ್ಲಿ ಗೆರೆ ಎಳೆದಿದ್ದನಷ್ಟೆ. "ಯೆಸ್ರು ಸಾಕು," ಅಂದಳಂತೆ. "ಪೇಮೆಂಟ್ ಆಗಿದೆ ಅಮ್ಮ, ಸಾಲು ಸೇರಿಸಿಯೇ ಮಾತಾಡಿದ್ದು," ಎಂದು ಅವನು ಅಂದರೆ, "ಬ್ಯಾಡ," ಅಂದು ಬಂದಳಂತೆ. ಈಸ್ಟರ್ ಬೆಳಗಿನ ಜಾವ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವಾಗ ಅಪ್ಪನ ಹೊಸ ಕಲ್ಲಿನ ಕೆಳಗಿನ ಅರ್ಧ ಬರಿದಾಗಿತ್ತು. ಬಳಪದ ಗೆರೆ ಇನ್ನೂ ಕಾಣುತ್ತಿತ್ತು. ಅಯ್ಯ ಪ್ರತಿ ಸಮಾಧಿಯ ಬಳಿ ನಿಂತ ಹಾಗೆಯೇ ಅಲ್ಲೂ ನಿಂತು ಪ್ರಾರ್ಥಿಸಿದರು. ಅವರ ದನಿ ಎಲ್ಲೂ ಅಳುಕಲಿಲ್ಲ.

ಆ ವಾರವೇ ಅದೇ ಕೋಣೆಗೆ ಹೋದೆ. ಅಯ್ಯ ಹಾರ ಹಾಕಿಸಿಕೊಂಡು ಯಾರನ್ನೋ ಬೀಳ್ಕೊಡುತ್ತಿದ್ದರು. ಶುಕ್ರವಾರದ ಪ್ರಸಂಗ ಕಲ್ಲನ್ನೂ ಕರಗಿಸುವಂತಿತ್ತೆಂದು ಹೇಳಲು ಸೇಲಂನಿಂದ ಬಂದವರು. ಅವರು ಹೋದ ಮೇಲೆ, ಅಪ್ಪನ ವಿಷಯವನ್ನು ಯಾಕೆ ಹೇಳಿದಿರಿ ಎಂದು ಕೇಳಿದೆ.

"ನಾನು ಹೆಸರು ಹೇಳಲಿಲ್ಲವಲ್ಲಮ್ಮಾ," ಅಂದರು.

"ಅಯ್ಯಾ, ಬಾವಿ ಯಾವುದೆಂದು ದೇವರು ಕೇಳುವುದಿಲ್ಲ ಅಂದಿರಿ."

"ಅಂದೆ. ಈ ಕೋಣೆಯಲ್ಲಿ ಎದುರಿಗೆ ಒಬ್ಬರು ಇರುತ್ತಾರೆ. ಪ್ರಸಂಗಪೀಠದ ಎದುರಿಗೆ ಸಭೆ ಇರುತ್ತದೆ. ಅಲ್ಲಿ ಬಾವಿ ಯಾವುದೆಂದು ಹೇಳಲೇಬೇಕು."

"ಎರಡರಲ್ಲಿ ಯಾವುದು ನಿಮ್ಮ ಮಾತು?"

ಅವರಿಗೆ ನಿಜವಾಗಿ ನೋವಾಯಿತು. ಅವರ ಮುಖ ನನಗೆ ಸ್ಪಷ್ಟವಾಗಿ ನೆನಪಿದೆ. ಆಮೇಲೆ ಬಹಳ ಮೆತ್ತಗೆ ಹೇಳಿದರು: "ನೀನು ಹೇಳಿದ್ದರೆ ಅದು ಯಾರೋ ಒಬ್ಬ ನೇಕಾರನ ಕಥೆಯಾಗಿ ಮುಗಿಯುತ್ತಿತ್ತು. ನೀನು ತಡೆದೆ. ತಡೆದದ್ದರಿಂದ ಅದು ನಿನ್ನ ಅಪ್ಪನ ಕಥೆಯಾಯಿತು. ನಾನು ತೋರಿಸಿಕೊಡಲಿಲ್ಲಮ್ಮಾ, ನೀನು ತೋರಿಸಿಕೊಟ್ಟೆ."

ಈ ಮಾತಿಗೆ ನಾನು ಎಷ್ಟೋ ಉತ್ತರ ಕಟ್ಟಿದ್ದೇನೆ, ಬಸ್ಸಿನಲ್ಲಿ, ಪಾಠದ ನಡುವೆ, ಪಾತ್ರೆ ತೊಳೆಯುವಾಗ. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ, ನನ್ನ ದನಿಯಲ್ಲೇ ಅದನ್ನು ಅಮ್ಮನಿಗೆ ಹೇಳಿಸಲು ಹೊರಟವರು ಅವರು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ ಎಂಬುದು ಇನ್ನೂ ಕೆಟ್ಟದಾಗಿತ್ತು. ಅವರ ಪಾಲಿಗೆ ನಾನು ಎರಡನೆಯ ಮೈಕು.

ಅಂದಿನಿಂದ ನಾನು ಮೈಕಿನ ಹತ್ತಿರ ಹೋಗಲಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ತಮಿಳು ಬರುತ್ತದಲ್ಲ ಎಂದು ಕಮಿಟಿಯವರು ಆ ಮೈಕನ್ನು ಗಿಟಾರಿಗೆ ಕೊಟ್ಟರು. ಸಾರಜ್ಜಿ ಕೆಲವು ಭಾನುವಾರ ಬಂದು ಕಾದು ನೋಡಿದಳು, ಆಮೇಲೆ ಬಸ್ಸಿನ ನೆಪ ಹೇಳಿ ಬರುವುದನ್ನು ಬಿಟ್ಟಳು. ಚರ್ಚಿಗೆ ಕಾಣಿಕೆ ಬಂದ ಬೆಳೆಯನ್ನು ಮಾರುವ ಸುಗ್ಗಿಯ ಹಬ್ಬದ ಹರಾಜಿನಲ್ಲಿ ಅಯ್ಯ ಕುಂಬಳಕಾಯಿ ತಲೆಯ ಮೇಲಿಟ್ಟುಕೊಂಡು ಕುಣಿದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ ಎಂದು ಅಮ್ಮ ಹೇಳುತ್ತಾಳೆ. ಮುಂದಿನ ಆಗಮನ ಕಾಲ ಬರುವಷ್ಟರಲ್ಲಿ ಅವರಿಗೆ ದೊಡ್ಡ ಊರಿನ ಚರ್ಚಿಗೆ ವರ್ಗವಾಯಿತು. ಬೀಳ್ಕೊಡುವಾಗ ಹೆಂಗಸರು ಅತ್ತರು.

ಇಷ್ಟರ ಮಧ್ಯೆ ಅಮ್ಮ ಆ ಪ್ರಸಂಗದ ಬಗ್ಗೆ ಒಂದೇ ಒಂದು ಸಲ ಮಾತಾಡಿದಳು. ಮಾವಿನ ಕಾಯಿ ಹೆಚ್ಚುತ್ತಿದ್ದಳು, ಉಪ್ಪಿನಕಾಯಿಗೆ. ಈಳಿಗೆ ಮಣೆಯಿಂದ ತಲೆ ಎತ್ತದೆ ಕೇಳಿದಳು: "ನೀರು ಒಳೀಕೆ ಓಯ್ತಾ?"

"ಓಯ್ತಮ್ಮ."

"ತಲೆ ಇಡ್ಕಂಡಿದ್ದು ನೀನಾ?"

"ಊಂ."

"ನನ್ನ ಯಾಕೆ ಕರೀಲಿಲ್ಲ? ಬಾಗ್ಲಾಚೆ ಇದ್ನಲ್ಲೇ. ನಾನೇ ಕುಡಿಸ್ತಿದ್ದೆ."

ನನ್ನ ನೆನಪಿನಲ್ಲಿ ಇದು ಅಕ್ಷರಕ್ಕೆ ಅಕ್ಷರ ಹೀಗೇ ಇದೆ. ಆದರೆ ಒಮ್ಮೆ ಈ ಮಾತನ್ನು ಎತ್ತಿದಾಗ ಅಮ್ಮ ಸಿಡುಕಿದಳು: "ನಾನ್ಯಾಕೆ ಅಂಗಂದೇನು? ಆ ನೀರು ನಾನು ಮುಟ್ತೀನಾ? ಯಾಕೆ ಕರೀಲಿಲ್ಲ ಅಂದೆ, ಅಷ್ಟೇ." ಹಾಗಿದ್ದರೆ 'ನಾನೇ ಕುಡಿಸ್ತಿದ್ದೆ' ಎಂಬ ಕೊನೆಯ ಮಾತು ಯಾರದು? ನೋಯುವ ಕಡೆ ಬಂದಾಗ ಬೇರೆ ಏನನ್ನೋ ಹೇಳಿಬಿಡುವ ಅಭ್ಯಾಸ ನನಗಿದೆ, ಅದು ಊರಿಗೇ ಗೊತ್ತು. ಅಮ್ಮನ ಬಾಯಿಗೂ ನಾನೇ ಆ ಮಾತನ್ನು ಹಾಕಿದ್ದೇನೋ ಏನೋ.

ಮೊನ್ನೆ ಬಾಂಡಲಿಯ ಹೊಗೆ ಬಟ್ಟೆಗೆ ಹತ್ತಿಸಿಕೊಂಡು ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೊಸ ಪಾದ್ರಿ ಕೇಳಿದ್ದನ್ನು ಹೇಳಿದೆ. ಸಾರಜ್ಜಿಗೂ ಅವರೇ ಹೋಗಿ ಹೇಳಿ ಬಂದಿದ್ದಾರಂತೆ, ಅಜ್ಜಿ ಶುಭ ಶುಕ್ರವಾರ ಬರುತ್ತಾಳಂತೆ. ನನಗೆ ಮನಸ್ಸಿಲ್ಲ, ಇಲ್ಲವೆಂದು ಹೇಳಿಬಿಡುತ್ತೇನೆ ಅಂದೆ.

ಅಮ್ಮ ಒಂದಷ್ಟು ಕಾಯಿ ಸುಲಿದಳು. ಸಿಪ್ಪೆಯನ್ನು ಬೇರೆ ಮಾಡಿದಳು.

"ಓಗು," ಅಂದಳು. "ಅವ್ರು ಏನಂತಾರೋ ಅದ್ನೇ ಏಳು. ಒಂದಕ್ಸರ ಬಿಡ್ಬ್ಯಾಡ." ಆಮೇಲೆ ನನ್ನ ಮುಖ ನೋಡಿದಳು, ಅವತ್ತು ಎರಡನೆಯ ಸಾಲಿನಿಂದ ನೋಡಿದ ಹಾಗೆಯೇ.

"ನಂಗೂ ತಮಿಳು ಬತ್ತೈತೆ ರೂತು. ಆವತ್ತೂ ಬತ್ತಿತ್ತು."